ಬೋರ್ಡಿನಲ್ಲಿ ಜಾಗ ಸಾಲದ್ದು

ಹದಿಮೂರು ನಿಯಮ ಬರೆಯಬೇಕು ಅಂತ
ಕಮಿಟಿಯ ಡೆನ್ಜಿಲ್ ಪೊರ್ಬು ಚೀಟಿ ಕೊಟ್ಟರು.
ನಾಲ್ಕಡಿ ಆರಡಿ ತಗಡು, ಹದಿಮೂರು ಹಿಡಿಯುವುದಿಲ್ಲ ಅಂದೆ.
ಅಕ್ಷರ ಸಣ್ಣ ಮಾಡಿ ದೂಮಣ್ಣ, ಅಂದರು.
ಅಕ್ಷರ ಸಣ್ಣ ಮಾಡಿದರೆ ಓದುವವನು ಹತ್ತಿರ ಬರಬೇಕು,
ಹತ್ತಿರ ಬಂದವನ ಹಿಂದೆ ಸಾಲು ನಿಲ್ಲುತ್ತದೆ,
ಸುಲ್ತಾನ್ ಬತ್ತೇರಿಯಿಂದ ದೋಣಿಯಲ್ಲಿ ಬಂದವರೆಲ್ಲ
ನನ್ನ ಕೈಬರಹದ ಮುಂದೆ ಜಾಮ್.
ಒಂಬತ್ತಕ್ಕೆ ನಿಲ್ಲಿಸಿದೆ.

ಕರಿ ತಗಡು, ಹಳದಿ ಅಕ್ಷರ.
ಕುರ್ಚಿ ತರಬಾರದು, ಚಾಪೆ ಆಗಬಹುದು.
ಹಾಡುವಾಗ ಏಳಬಾರದು,
ಏಳಲೇಬೇಕಾದವರು ಬಗ್ಗಿ ನಡೆಯಬೇಕು.
ಮೊಬೈಲು ತಲೆಗಿಂತ ಮೇಲೆ ಎತ್ತಬಾರದು.
ಚರುಮುರಿಯ ಕಾಗದ ಸಮುದ್ರಕ್ಕಲ್ಲ.
ಶಿಳ್ಳೆ ಬೇಡ.
ಹೀಗೇ ಇಳಿಯುತ್ತ ಇಳಿಯುತ್ತ ಒಂಬತ್ತನೆಯದು:
ಚಪ್ಪಲಿಗೆ ನಾವು ಜವಾಬ್ದಾರರಲ್ಲ.
ಅಲ್ಲಿಗೆ ಡಬ್ಬಿ ಖಾಲಿ.
ಕೊನೆಯ ಎರಡು ಅಕ್ಷರ ನೀಲಿಯಲ್ಲಿ ಮುಗಿಸಿದೆ.

ಬೆಳಕಿರುವವರೆಗೆ ಏನೂ ತೊಂದರೆ ಇರಲಿಲ್ಲ.
ಎಂಬತ್ತು ದಾಟಿದ ಫ್ಲೋಸಿಬಾಯಿ
ಪ್ಲಾಸ್ಟಿಕ್ ಸ್ಟೂಲು ಎತ್ತಿಕೊಂಡು ಬಂದರು.
ಇದಕ್ಕೆ ಬೆನ್ನಿಲ್ಲ, ಕುರ್ಚಿ ಹೇಗಾಗುತ್ತದೆ ಅಂದರು.
ಪೊರ್ಬು ಚೀಟಿಯ ಎರಡೂ ಬದಿ ಓದಿ
ದಾರಿ ಬಿಟ್ಟರು.

ಆಮೇಲೆ ಗಾಳಿಮರಗಳ ಬುಡದಿಂದ ಕತ್ತಲು ಎದ್ದಿತು.
ನೀಲಿ ಹೋಗಿ ಕರಿಯಲ್ಲಿ ಕೂತಿತು.
ಗೇಟಿನ ಒಂದೇ ಟ್ಯೂಬ್‌ಲೈಟಿಗೆ
ದೂರದಿಂದ ನೋಡಿದವರಿಗೆ ಕಂಡದ್ದು:
ಚಪ್ಪಲಿಗೆ ನಾವು ಜವಾಬ್ದಾರ.

ಮೊದಲು ಬಿಟ್ಟದ್ದು ಬೆಂಗ್ರೆಯ ಅವ್ವಮ್ಮ,
ಹಸಿರು ಪಟ್ಟಿಯ ಹವಾಯಿ.
ನೋಡಿಕೊಳ್ತೀರಲ್ಲ, ಅಂದರು. ಅದು ಪ್ರಶ್ನೆ ಅಲ್ಲ.
ಅವರನ್ನು ನೋಡಿ ಇನ್ನೊಬ್ಬರು, ಅವರನ್ನು ನೋಡಿ ಒಂದು ಸಂಸಾರ,
ಹೆಬ್ಬೆರಳು ಸವೆದ ಚರ್ಮದ್ದು, ಹಿಮ್ಮಡಿ ಎತ್ತರದ್ದು,
ಸಾಕ್ಸು ಒಳಗೇ ತುರುಕಿದ ಶಾಲೆಯ ಶೂ,
ಬೋಟಿನ ಹುಡುಗರ ಒಂದೇ ಸೈಜಿನ ಆರು ಜೊತೆ.
ಬ್ರಶ್ಶು ಜೇಬಿನಲ್ಲೇ ಇತ್ತು. ಬಿಳಿ ಬಣ್ಣವೂ ಇತ್ತು.
ತಿದ್ದಬಹುದಿತ್ತು.
ಅಷ್ಟರಲ್ಲಿ ತಂಬೂರಿ ಶುರುವಾಯಿತು,
ಹಾಡುವಾಗ ಏಳಬಾರದು ಅಂತ ಬರೆದವನು ನಾನೇ.

ಹಾಗಾಗಿ ಹಾಡನ್ನು ನಾನು ಬೆನ್ನಿನಲ್ಲಿ ಕೇಳಿದೆ.
ಮುಖ ಚಪ್ಪಲಿಯ ಕಡೆ,
ವೇದಿಕೆ ಹಿಂದೆ, ಅದರ ಹಿಂದೆ ಸಮುದ್ರ.
ಎರಡು ನಾಯಿ ಬಂದವು, ಓಡಿಸಲು ಕೈ ಸಾಕಾಯಿತು,
ಬಾಯಿ ಬೇಕಾಗಲಿಲ್ಲ.
ಒಬ್ಬ ಅಪ್ಪ ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡ.
ಹಿಂದಿನವರು ಬೋರ್ಡಿನ ಕಡೆ ತಿರುಗಿದರು, ನಾನೂ ತಿರುಗಿದೆ.
ಮೊಬೈಲಿಗೆ ಉಂಟು, ಮಗುವಿಗೆ ನಿಯಮ ಇಲ್ಲ.
ಬಂದರಿನಲ್ಲಿ ಹಡಗೊಂದು ಉದ್ದಕ್ಕೆ ಕೂಗಿತು.
ಹಾಡುವವಳು ನಿಲ್ಲಿಸಿ, ನೀರು ಕುಡಿದು,
ಅದು ಮುಗಿಯಲಿ ಅಂತ ಕಾದಳು.
ಯಾರೂ ನಗಲಿಲ್ಲ. ಅದೇ ಜಾಗದಿಂದ ಮತ್ತೆ ಎತ್ತಿದಳು.

ಜಾಗ ಸಾಲದೆ ಬಿಟ್ಟ ನಾಲ್ಕು ಚೀಟಿಯಲ್ಲೇ ಉಳಿದಿತ್ತು.
ಟ್ಯೂಬ್‌ಲೈಟಿಗೆ ಹಿಡಿದು ಓದಿದೆ.
ತಾಳ ಹಾಕುವವರು ತೊಡೆಯ ಮೇಲೆ ಹಾಕಬೇಕು.
(ಯಾರ ತೊಡೆ ಅಂತ ಬರೆದಿಲ್ಲ.)
ನಿದ್ದೆ ಬಂದವರು ಗೊರಕೆ ಹೊಡೆಯಬಾರದು.
ಇದನ್ನು ಯಾರು ಓದಬೇಕು, ಯಾವಾಗ?
ಮೂರನೆಯದು ಕೊಡೆಯ ವಿಷಯ, ಜನವರಿಯಲ್ಲಿ.
ನಾಲ್ಕನೆಯದರ ಮೇಲೆ ಚಹಾ ಬಿದ್ದಿತ್ತು.

ಮುಗಿದಾಗ ಹತ್ತೂಕಾಲು. ಕೊನೆಯ ದೋಣಿಗೆ ಅವಸರ.
ಎಲ್ಲರೂ ಒಮ್ಮೆಗೇ ಬಂದು ಕಾಲಿನಿಂದ ತಡಕಿದರು,
ತಡಕುತ್ತ ಅದೇ ಸಾಲನ್ನು ಅರೆಬಾಯಲ್ಲಿ ಗುನುಗಿದರು,
ಬೇರೆ ಬೇರೆ ಶ್ರುತಿ, ಒಂದೇ ಮರಳು.
ಅವ್ವಮ್ಮ ತಮ್ಮದನ್ನು ಕೈಯಲ್ಲೇ ಹಿಡಿದು ನಡೆದರು.

ಉಳಿದದ್ದು ಎರಡು. ಎರಡೂ ಎಡಗಾಲಿನವು.
ಅಂದರೆ ಎರಡು ಬಲಗಾಲು ಮೆಟ್ಟಿಕೊಂಡು
ಯಾರೋ ದೋಣಿ ಹತ್ತಿಯಾಗಿದೆ,
ಗೊತ್ತೇ ಆಗದೆ ಆಚೆ ದಡದಲ್ಲಿ ಇಳಿದೂ ಆಗಿದೆ.
ಇನ್ನೊಬ್ಬರು ಯಾರೋ ಬರಿಗಾಲಲ್ಲಿ.
ಎರಡನ್ನೂ ಬೋರ್ಡಿನ ಮೊಳೆಗೆ ನೇತು ಹಾಕಿದೆ.

ಬೆಳಿಗ್ಗೆ ಪೊರ್ಬು ಬಂದು ನೋಡಿದರು, ಓದಿದರು, ಮತ್ತೆ ಓದಿದರು.
ಬರುವ ವರ್ಷ ಹಳದಿ ಸರಿಯಾಗಿ ತನ್ನಿ ದೂಮಣ್ಣ, ಅಂದರು.
ನೋಡುವ, ಅಂದೆ.