ಹಿಂದಿನ ಕೋಣೆ

ಬೂಷ್ಟೆಂದರೆ ಮೂಗು ಮುರಿಯುವವಳಲ್ಲ ನಾನು.
ಹನ್ನೊಂದು ವರ್ಷದಿಂದ ಅದೇ ನನ್ನ ಅನ್ನ.
ಬೆಟ್ಟದ ಗವಿಯೊಳಗೆ ಹಣೆಗೆ ದೀಪ ಕಟ್ಟಿಕೊಂಡು
ಹಲಗೆಯ ಮೇಲಿನ ಚೀಸಿನ ಗುಂಡುಗಳನ್ನು
ವಾರಕ್ಕೆರಡು ಸಲ ಮಗ್ಗುಲು ಬದಲಿಸುತ್ತೇನೆ,
ಹಾಸಿಗೆ ಹಿಡಿದವರನ್ನು ಹೊರಳಿಸುವ ಹಾಗೆ.
ನೀಲಿ ಬರಲಿ ಎಂದು ಕಾಯುತ್ತೇನೆ. ಬಾರದಿದ್ದರೆ ನಷ್ಟ.

ಆದರೆ ಕೊಳ್ಳಲೆಂದು ಮನೆ ನೋಡಲು ಹೋಗಿ
ಬಾಗಿಲು ತೆರೆದೊಡನೆ ಗುರುತಿನ ವಾಸನೆ ಎದ್ದು ಬಂದರೆ
ಏನು ಮಾಡಬೇಕೆಂದು ಯಾರೂ ಹೇಳಿಕೊಟ್ಟಿರಲಿಲ್ಲ.

ಅಸ್ತೂರಿಯಾಸಿನ ಈ ಕಣಿವೆಯಲ್ಲಿ
ಬಿಸಿಲೂ ಬಾಡಿಗೆದಾರ,
ನಾಲ್ಕು ದಿನ ಇದ್ದು ಖಾಲಿ ಮಾಡುತ್ತದೆ.
ಎಲಾದಿಯೋ ಬೀಗದ ಕೈ ತಂದ.
ಕೆಳಗೆ ಅಡಿಗೆಮನೆ, ಮೇಲೆ ಎರಡು ಕೋಣೆ,
ಅಂಗಳದಲ್ಲೊಂದು ಸೇಬಿನ ಮರ.
ತೆಲ್ಮೋ ಆಗಲೇ ಅದರಡಿ ನಿಂತು
ವರ್ಷಕ್ಕೆಷ್ಟು ಬಾಟಲಿ ಸೈಡರ್ ಎಂದು ಬೆರಳು ಮಡಚುತ್ತಿದ್ದ.
ನಾನು ಹಿಂದಿನ ಕೋಣೆಗೆ ಹೋದೆ.

ಮೂರು ಗೋಡೆಗೆ ಹಳೆಯ ಸುಣ್ಣ.
ನಾಲ್ಕನೆಯದಕ್ಕೆ ಮಾತ್ರ ಹೋದ ವಾರದ ಬಣ್ಣ,
ಅದರ ಮುಂದೊಂದು ಬೀರು.
ಸರಿಸಿದೆ.
ಎಷ್ಟು ಚೆನ್ನಾಗಿತ್ತು!
ಬೂದಿ, ಪಾಚಿ, ಅಂಚಿಗೆ ಕಂಡೂ ಕಾಣದ ಗುಲಾಬಿ.
ಚೀಸಾಗಿದ್ದರೆ ಮೊದಲ ಬಹುಮಾನ.

ಬೆರಳಿಟ್ಟೆ. ಗೋಡೆಯಲ್ಲ ಅದು, ಬೆಟ್ಟವೇ.
ಒಂದು ಗೋಡೆಯ ಖರ್ಚು ಉಳಿಯಲೆಂದು
ಯಾವುದೋ ಕಾಲದ ಅಜ್ಜ
ಬಂಡೆಗೇ ಒರಗಿಸಿ ಕಟ್ಟಿಬಿಟ್ಟಿದ್ದಾನೆ ಮನೆಯನ್ನು.
ಬಿರುಕಿನಿಂದ ತಣ್ಣಗೆ ಉಸಿರು ಬರುತ್ತಿತ್ತು,
ನನ್ನ ಗವಿಯ ಅದೇ ಉಸಿರು.
ಸೋರುವ ಹಂಚು ಬದಲಿಸಬಹುದು, ಒಡೆದ ನಲ್ಲಿ ಬೆಸೆಯಬಹುದು.
ಉಸಿರಾಡುವ ಬೆಟ್ಟಕ್ಕೆ ಯಾವ ಮೇಸ್ತ್ರಿಯನ್ನು ಕರೆಯಲಿ?

"ಚಳಿಯಲ್ಲಿ ಸ್ವಲ್ಪ ಬೆವರುತ್ತದೆ, ಅಷ್ಟೆ" ಅಂದ ಎಲಾದಿಯೋ.
"ಹನ್ನೆರಡು ಸಾವಿರ ಇಳಿಸುತ್ತೇನೆ."
ಬೆವರಿಗೆ ಹನ್ನೆರಡು ಸಾವಿರ ಯೂರೋ!
ನನ್ನದಕ್ಕೆ ಇದುವರೆಗೆ ಯಾರೂ ಅಷ್ಟು ಕೊಟ್ಟಿಲ್ಲ.

ರಾತ್ರಿ ಮೇಜಿನ ತುಂಬ ತೆಲ್ಮೋನ ಲೆಕ್ಕದ ಹಾಳೆ.
ಗ್ಯಾರೇಜಿನ ಮೇಲಿನ ನಮ್ಮ ಬಾಡಿಗೆ ಕೋಣೆಗೆ
ನೆಲದಿಂದ ಡೀಸೆಲ್ ಏರಿ ಬರುತ್ತದೆ.
"ಇದೇನು ಗಂಧವೇ?" ಎಂದು ಕೇಳಿದ.
ನ್ಯಾಯವಾದ ಪ್ರಶ್ನೆ.
ಪರದೆಯಾಚೆ ಬ್ರಿಯಾಂದಾಳ ಎದೆ
ಸಣ್ಣಗೆ ಸೀಟಿ ಹೊಡೆಯುತ್ತಿತ್ತು. ಐದು ವರ್ಷದ ಎದೆ.

ಮನೆಗೆ ಕೇಳಬೇಕಾದ್ದನ್ನು ಮನೆಗೇ ಕೇಳಬೇಕು.
ಬೀಗದ ಕೈ ಇಸಿದುಕೊಂಡು
ಹಾಲಿನಷ್ಟು ಬೆಳ್ಳಗಿನ ಗುಂಡೊಂದನ್ನು
ಆ ಕೋಣೆಯಲ್ಲಿ ಬಿಟ್ಟು ಬಂದೆ.
ಎರಡು ತಿಂಗಳು. ಬೇರೆ ಗಿರಾಕಿಯಿಲ್ಲದ್ದಕ್ಕೆ
ಎಲಾದಿಯೋ ಸುಮ್ಮನಿದ್ದ.
ಕೊಯ್ದರೆ ನರನರಕ್ಕೂ ನೀಲಿ.
ನಾಲಗೆಗಿಟ್ಟೆ.
ಇಂಥದ್ದನ್ನು ನಾನು ಜನ್ಮದಲ್ಲಿ ಮಾಡಿಲ್ಲ.

"ಅರ್ಧ ಬೆಲೆ ಕೊಡುತ್ತೇನೆ" ಅಂದೆ ಅವನಿಗೆ,
"ಗವಿಯೆಂದು. ಮನೆಯೆಂದಲ್ಲ."
ಕಿವಿಯವರೆಗೆ ಕೆಂಪಾದ.
"ನಾವು ಐವರು ಹುಟ್ಟಿದ್ದು ಆ ಕೋಣೆಯಲ್ಲೇ."
ಐವರಲ್ಲಿ ಎಷ್ಟು ಜನ ಉಳಿದರೆಂದು ನಾನು ಕೇಳಲಿಲ್ಲ.
ಅವನೂ ಹೇಳಲಿಲ್ಲ,
ಒಂದು ಚಿಕ್ಕ ಕೆಮ್ಮು ಕೆಮ್ಮಿ
ಟೋಪಿ ಹಾಕಿಕೊಂಡು ಎದ್ದ.

ತೆಲ್ಮೋ ಮೂರು ದಿನದಿಂದ ಮಾತು ಬಿಟ್ಟಿದ್ದಾನೆ.
ಸೇಬಿನ ಮರ ಕನಸಿಗೆ ಬರುತ್ತದಂತೆ, ಮಗಳ ಹತ್ತಿರ ಹೇಳಿದ್ದಾನೆ.

ಗವಿಯಿಂದ ಬಂದವಳು ನಾನು
ಅಂಗಿ ಬಾಗಿಲ ಹೊರಗೇ ಕಳಚಿ,
ಮೊಳಕೈವರೆಗೆ ವಿನಿಗರಿನಲ್ಲಿ ತೊಳೆದು,
ಆಮೇಲೆ ಮಗಳ ಹಣೆ ಮುಟ್ಟುತ್ತೇನೆ.
ಬಿಟ್ಟು ಬರಲಿಕ್ಕೆ ಒಂದು ಜಾಗ ಬೇಕು,
ಬಂದು ಸೇರಲಿಕ್ಕೆ ಇನ್ನೊಂದು.
ಎರಡಕ್ಕೂ ಒಂದೇ ಬೀಗದ ಕೈ ಆಗುವುದಿಲ್ಲ,
ಇಷ್ಟು ಗೊತ್ತಿದೆ ನನಗೆ.

ಗೊತ್ತಿದ್ದೂ ಅದನ್ನಿನ್ನೂ ಹಿಂತಿರುಗಿಸಿಲ್ಲ.
ಏಪ್ರನ್ನಿನ ಜೇಬಿನಲ್ಲಿದೆ. ಈಗಷ್ಟೆ ಮೂಸಿ ನೋಡಿದೆ:
ಕಬ್ಬಿಣಕ್ಕೂ ಹತ್ತಿದೆ.