ನೆಲಕ್ಕೆ ಕಿವಿ

ನನ್ನ ಕಸುಬು ಇಷ್ಟೆ, ನೆಲಕ್ಕೆ ಕಿವಿಯಾನಿಸುವುದು.
ಕಾಂಕ್ರೀಟಿನ ಹೊಟ್ಟೆಯಲ್ಲಿ ನಲವತ್ತು ವರ್ಷದ ತಾಮ್ರದ ಕೊಳವೆ,
ಕೊಳವೆಯಲ್ಲಿ ಬಿಸಿನೀರು,
ಎಲ್ಲೋ ಸೂಜಿಮೊನೆಯಷ್ಟು ತೂತು.
ಅದು ಪಿಸುಗುಟ್ಟುವಲ್ಲಿ ಸೀಮೆಸುಣ್ಣದ ಗುರುತು ಹಾಕಿ,
ಅಗೆದು, ಬೆಸೆದು, ದುಡ್ಡು ಇಸಕೊಂಡು ಹೊರಡುವುದು.

ಸನ್ನಿವೇಲಿನ ಈ ಬೀದಿಯಲ್ಲಿ ಮನೆಗಳೆಲ್ಲ
ಬೀದಿಗೆ ಬೆನ್ನು ಹಾಕಿ ಕೂತಿವೆ.
ಮುಂದೊಂದು ಕಿಟಕಿಯಿಲ್ಲ, ಬರೀ ಹಲಗೆಗೋಡೆ.
ಕದ ತೆರೆದರೆ ತೊಟ್ಟಿ, ತೊಟ್ಟಿಯ ಮೇಲೆ ಆಕಾಶ,
ಆಚೆಗೆ ಗಾಜು, ಗಾಜಿನಾಚೆಗೂ ಗಾಜು.
ಮನೆ ಎಲ್ಲಿ ಮುಗಿದು ಹಿತ್ತಿಲು ಎಲ್ಲಿ ಶುರುವೆಂದು
ತಿಳಿಯದ ಗುಬ್ಬಿಗಳು ಬಂದು ಢಿಕ್ಕಿ ಹೊಡೆಯುತ್ತವೆ.

ಫುಮಿಯೆ ನಕಾಶೀಮ, ಎಪ್ಪತ್ತಮೂರು ವರ್ಷ,
ಬಾಗಿಲಲ್ಲೇ ಅಂದರು:
"ಯಂತ್ರ ಯಾಕೆ? ಬೆಕ್ಕು ಮಲಗಿದಲ್ಲಿ ಅಗೆಯಿರಿ."
ಊಟದ ಮೇಜಿನಡಿ ಬೂದು ಬೆಕ್ಕು
ಕಾಲು ಚಾಚಿ, ಹೊಟ್ಟೆ ಒತ್ತಿ, ಜಮೀನ್ದಾರನ ಹಾಗೆ.
ಆದರೂ ಯಂತ್ರ ಇಟ್ಟೆ. ಬಿಲ್ಲು ಬರೆಯಬೇಕಲ್ಲ.

ಇದೇ ಮಣ್ಣಲ್ಲಿ ನನ್ನಪ್ಪ ಏಪ್ರಿಕಾಟ್ ಕೊಯ್ದವನು.
ಬುಲ್ಡೋಜರ್ ಬಂದ ದಿನ ಮರಗಳೆಲ್ಲ ಹೂಬಿಟ್ಟಿದ್ದವಂತೆ.
ಇನ್ನೂರ ಹನ್ನೊಂದು, ಎಣಿಸಿ ಬಂದು
ರಾತ್ರಿ ಊಟ ಬಿಟ್ಟ.
ಕಳಿಸಿದವನ ಹೆಸರು ಹರ್ಷೆಲ್ ವೈನ್‌ಟ್ರಾಬ್,
ಹಿಂದೆ ಹಾಸಿಗೆ ಮಾರುತ್ತಿದ್ದವ.
ನಮ್ಮ ಮನೆಯಲ್ಲಿ ಆ ಹೆಸರು ಒಂದು ಬೈಗುಳ.

ಈಕೆಯ ಬಾಯಲ್ಲಿ ಹಾಗಲ್ಲ.

"ಏಳು ಏಜೆಂಟರು ಮನೆ ಖಾಲಿಯಿಲ್ಲ ಅಂದರು,
ಹಿಂದೆ ಬೋರ್ಡು ನೇತಾಡುತ್ತಿರುವಾಗಲೇ.
ಇವನು ನಮ್ಮ ಮುಖ ನೋಡಲೇ ಇಲ್ಲ,
ಪೆನ್ನಿನ ಮುಚ್ಚಳ ತೆಗೆದ.
ನನ್ನ ಗಂಡ ಕಂಡವರ ತೋಟ ಕತ್ತರಿಸುವವ,
ಸಂಬಳದ ಚೀಟಿ ಹಿಡಿದ ಕೈ ನಡುಗುತ್ತಿತ್ತು.
'ಉಳ್ಳವರಿಗೆ ಬೆಳಕು ಹೇಗೂ ಸಿಗುತ್ತೆ,
ನಾನು ಅದನ್ನು ಕಂತಿನ ಮೇಲೆ ಮಾರುತ್ತೇನೆ' ಅಂದ.
ಅಂಗಡಿಯವನ ಮಾತು. ಆದರೂ ನೆನಪಿದೆ.

"ಮೊದಲ ವರ್ಷ ಗಾಜಿಗೆಲ್ಲ ಬೆಡ್‌ಶೀಟ್ ಕಟ್ಟಿದ್ದೆ.
ಯುದ್ಧದ ಕಾಲದಲ್ಲಿ ಮೂರು ವರ್ಷ ಮರುಭೂಮಿಯ ಶಿಬಿರ,
ಟಾರುಕಾಗದದ ಗೋಡೆ, ಸುತ್ತ ಮುಳ್ಳುತಂತಿ,
ಕಾವಲುಗೋಪುರದ ದೀಪ ರಾತ್ರಿಯಿಡೀ
ರೆಪ್ಪೆಯ ಮೇಲೆ ಓಡಾಡಿದೆ.
ಅಂಥವಳನ್ನು ತಂದು ಗಾಜಿನೊಳಗೆ ಕೂರಿಸಿದರೆ?"

ಫೆಬ್ರವರಿಯಲ್ಲಿ ಸೂರು ಸೋರಿತು.
ಅವನೇ ಬಂದ, ಹೇಳದೆಯೇ ಬೂಟು ಬಿಚ್ಚಿದ.
ಕಾಲುಚೀಲದಲ್ಲಿ ಹೆಬ್ಬೆರಳು ಇಣುಕುತ್ತಿತ್ತು.
ಬಕೆಟ್ಟು ನೋಡಿದ, ಬೆಡ್‌ಶೀಟು ನೋಡಿದ,
ಯಾಕೆಂದು ಕೇಳಲಿಲ್ಲ.
"ದೀಪ ಹಾಕಿ, ಶೀಟು ಸರಿಸಿ, ಒಳಗೇ ನಿಂತಿರಿ" ಅಂದವನು
ಬೂಟು ಮೆಟ್ಟಿ ಮಳೆಗಿಳಿದ.
ಹಿತ್ತಿಲ ಬೇಲಿಯುದ್ದಕ್ಕೂ, ಪಕ್ಕದವರ ಅಂಗಳದಲ್ಲೂ
ನಿಂತು, ಬಗ್ಗಿ, ಇಣುಕಿ,
ತೊಪ್ಪೆಯಾಗಿ ಮರಳಿದ.
"ಒಂದೇ ಕಡೆಯಿಂದ ಕಾಣುತ್ತೀರಿ."

ವಾರದೊಳಗೆ ಇಬ್ಬರು ಬಡಗಿಗಳು ಬಂದು
ಅಲ್ಲಿಗೊಂದು ಹಲಗೆ ಹೊಡೆದು ಹೋದರು.
ಒಂದೇ ಹಲಗೆ. ಬಿಲ್ಲು ಬರಲಿಲ್ಲ.
"ಸೂರು ಮಾತ್ರ ಇವತ್ತಿಗೂ ಸೋರುತ್ತೆ."

ಮುಂದೆ ಅವನು ಗುಡ್ಡದ ಮೇಲೆ
ಮುನ್ನೂರು ಮನೆ ಕಟ್ಟಲು ಹೋಗಿ
ತಳಪಾಯದಲ್ಲೇ ಮುಳುಗಿದನಂತೆ.
ಕೊನೆಗೊಮ್ಮೆ ಕಂಡದ್ದು ಹಾರ್ಡ್‌ವೇರ್ ಅಂಗಡಿಯಲ್ಲಿ,
ಒಂದು ಬಾಗಿಲಿನ ತಿರುಗಣಿಗೆ ಚೌಕಾಸಿ ಮಾಡುತ್ತ.

ಯಂತ್ರ ತೋರಿಸಿತು: ಮೇಜಿನಡಿ.
ಬೆಕ್ಕು ಒಲ್ಲದ ಮನಸ್ಸಿಂದ ಎದ್ದಿತು.
ಪುಡಿ ಹಾರದಿರಲೆಂದು ಆಕೆ
ಮಡಿಸಿಟ್ಟ ಹಳೇ ಬೆಡ್‌ಶೀಟ್ ತಂದು ಹಾಸಿದರು.
ಮೂಲೆಯಲ್ಲಿ ಹೊಲಿದ ಅಂಕಿ, ಐದು.
ಕುಟುಂಬದ ಸಂಖ್ಯೆ ಅಂದರು, ಅಷ್ಟೇ ಅಂದರು.

ಸುತ್ತಿಗೆ ಎತ್ತುವ ಮುಂಚೆ ಬೂಟು ಬಿಚ್ಚಿದೆ.
ನೆಲ ಬೆಚ್ಚಗಿತ್ತು.
ಬಿಲ್ಲಿನಲ್ಲಿ ಯಂತ್ರದ ಬಾಡಿಗೆ ಹಾಕಲಿಲ್ಲ.
ಅದೇನಿದ್ದರೂ ಬೆಕ್ಕಿಗೆ ಸಲ್ಲಬೇಕಾದ್ದು.

ಅಪ್ಪನಿಗೆ ಇನ್ನೂ ಹೇಳಿಲ್ಲ.