ನೂರಕ್ಕ ಒಂದು

ಅಗೇಟಿನ ಖಲಬತ್ತಿನ್ಯಾಗ ಎರಡು ತಾಸು ಅರೀಬೇಕು
ಸಿಲಿಕಾ, ಸ್ಟ್ರಾನ್ಷಿಯಂ, ಮೆಗ್ನೀಷಿಯಂ,
ರಟ್ಟಿ ಸೋಲೂತನಕ.
"ಕಬ್ಬಿಣ ಸೋಂಕಬಾರದು ಪತ್ತಾರ ಕಾಕಾ," ಅಂತಾಳ ಶಹನಾಜ ಹೆಬ್ಬಳ್ಳಿ,
"ಒಂದು ಕಣ ಬಿದ್ರೂ ಬೆಳಕು ಸಾಯತೈತಿ."
ಸಾಡೇಸಾತಿಗಂತ ಹಾಕಿದ ಉಂಗುರ
ದಿನಾ ತಗದು ಕಿಡಕ್ಯಾಗ ಇಡತೀನಿ.
ಶನಿ ಅಷ್ಟೊತ್ತು ಕಾಯಲಿ.

ಆಮ್ಯಾಲ ಯುರೋಪಿಯಂ. ಬಿಳೀ ಪುಡಿ,
ನೋಡಾಕ ಸಪ್ಪಗ, ಸೀಸೆದ ತಳದಾಗ ಚಿಟಿಕಿಯಷ್ಟು.
ನೂರಕ್ಕ ಒಂದು, ಹಾಲಿಗೆ ಹೆಪ್ಪ ಹಾಕಿದಂಗ.
ಹ್ವಾದ ವರ್ಷ ಕೇಳಿದ್ದೆ:
ಹತ್ತು ಹಾಕಿದ್ರ ಹತ್ತು ಪಟ್ಟು ಬೆಳಗಬೇಕಲ್ಲವ್ವಾ?
ಹಾಕಿ ತೋರಿಸಿದಳು. ಮಂಕಾತು.
ಒತ್ತೊತ್ತಿ ಕುಂತವರು
ಒಬ್ಬರ ಕಿವ್ಯಾಗ ಒಬ್ಬರು ಹೇಳಿಕೋತ ಹೇಳಿಕೋತ
ಬೆಳಕನ್ನ ಯಾವುದೋ ಮೂಲ್ಯಾಗ ಕಳಕೋತಾರಂತ.
ನಮ್ಮ ಸೊಸಾಯಿಟಿ ಮೀಟಿಂಗು ನೆನಪಾತು ನನಗ.

ಭಟ್ಟಿ ಮಾತ್ರ ನನ್ನ ಕಸಬು.
ಗದಗಿನ್ಯಾಗ ಅಪ್ಪ ಗುಲಗಂಜಿ ತೂಗತಿದ್ದ,
ಊದುಗೊಳವಿ ಊದಿ ಮೂಸಿ ಕೆಂಪಾಗೂದು
ಕಣ್ಣಿಲೆ ಅಳೀತಿದ್ದ.
ಇಲ್ಲಿ ಅಂಕಿ ಹೇಳತೈತಿ: ಹನ್ನೊಂದನೂರು.
ಗ್ಯಾಸಿನ ಸಿಲಿಂಡರಿಗೆ ರೊಕ್ಕ ಮಂಜೂರಾಗಿರಲಿಲ್ಲ,
ಹುಡುಗಿ ಮಾರಿ ಸಣ್ಣದ ಮಾಡಿ ಕುಂತಿತ್ತು.
ಇದ್ದಲಿ ಐತಲ್ಲ, ಅಂದೆ.
ಸಣ್ಣ ಮೂಸಿ ದೊಡ್ಡ ಮೂಸಿಯೊಳಗ, ಸುತ್ತ ಇದ್ದಲಿ, ಮ್ಯಾಲ ಮುಚ್ಚಳ.
ಗಾಳೀಗೆ ಸುಟ್ರ ಕೆಂಪು ಬೆಳಗೂ ಪುಡಿ
ಉಸರು ಕಟ್ಟಿ ಸುಟ್ರ ನೀಲಿ.
ತನ್ನ ಪ್ರಬಂಧದ ಕೊನೀಗೆ ನನ್ನ ಹೆಸರು ಬರದಾಳ.
ಸ್ಪೆಲ್ಲಿಂಗ್ ತಪ್ಪೈತಿ. ಇರಲಿ.

ನಿನ್ನೆ ರಾತ್ರಿ ಕೆಲಗೇರಿಗೆ ಬಂದಾಗ ಕರೆಂಟ ಹೋಗಿತ್ತು.
ಚಪ್ಪಲಿ ಬಿಡೂದ್ರಾಗ ಇಕಿ ಚೀರಿದಳು,
ಏನ್ರೀ ಅದು, ಕೈಯಾಗ?
ಉಗುರಿನ ಸಂದ್ಯಾಗ, ಎಷ್ಟು ತಿಕ್ಕಿದ್ರೂ ಹೋಗದ ಪುಡಿ,
ನೀಲಿ ಗೆರಿಗೋಳು, ಬಳಿ ಚೂರಿನಂಥಾವು.
ಡಿಸ್ಪ್ರೋಸಿಯಂ ಅಂತ ಇನ್ನೊಂದು ಹಾಕೀವಿ, ಅಂದೆ,
ಹಗೇದಾಗ ಜ್ವಾಳ ಹುಗದಿಟ್ಟಂಗ
ಲ್ಯಾಬಿನ ಟ್ಯೂಬ್‌ಲೈಟು ಒಳಗ ಹುಗದಿಡತೈತಿ,
ಕತ್ತಲಾದಮ್ಯಾಲ ತುಸು ತುಸು ತಗದು ಕೊಡತೈತಿ.
"ಎಷ್ಟೊತ್ತು ಬರತೈತಿ?"
ಕರೆಂಟ ಬರೂತನಕ ಬಂದ್ರೂ ಬಂತು.
"ರೊಟ್ಟಿ ಮುಟ್ಟಬ್ಯಾಡ್ರಿ ಹಂಗಾರ, ಮೊದಲ ತೊಳಕೋರಿ,"
ಅಂದಾಕಿ, ಯಾಕೋ ತಡದು,
"ನಿಂದರ್ರಿ" ಅಂತ ನನ್ನ ಮುಂಗೈ ಹಿಡಕೊಂಡು
ಮಾಡದೊಳಗ ಕಡ್ಡಿಪೆಟ್ಟಿಗಿ ಹುಡುಕಿದಳು,
ಅರಿಷಿಣ ಡಬ್ಬಿ, ಪಂಚಾಂಗ, ಮುರದ ಚಾಳೀಸು,
ಒಂದೊಂದರ ಅಂಚು ಕಂಡಂಗಾಗಿ ಮರೀ ಆಗತಿತ್ತು.
ಸಿಗಲಿಲ್ಲ.
ಇನ್ನೂ ತುಸು ಹುಡುಕಿದಿವಿ.